ಕ್ರೀಡಾಮುಕ್ತ ಪ್ರದೇಶ

ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಬಯಲು ಇತ್ತು ಎಂಬುದು ನಿರ್ವಿವಾದವಾದ ಸಂಗತಿ. ಗ್ರಂಥಾಲಯದ ಹಿಂಗೋಡೆಯಿಂದ ಹಿಡಿದು ವಿದ್ಯಾರ್ಥಿನಿಲಯದವರು ಬಟ್ಟೆ ಒಣಗಿಸುವ ತಂತಿಗಳವರೆಗೆ ಅದು ಹರಡಿಕೊಂಡಿತ್ತು. ಅದನ್ನು ಯಾರೂ ಯೋಜಿಸಿರಲಿಲ್ಲವಾದ್ದರಿಂದ ಅದು ಎಲ್ಲರ ಉಪಯೋಗಕ್ಕೂ ಬರುತ್ತಿತ್ತು. ಹುಡುಗರು ಚೆಂಡು ಒದೆಯುತ್ತಿದ್ದರು. ಸಕ್ಕರೆ ಕಾಯಿಲೆಯ ಪ್ರಾಧ್ಯಾಪಕರು ವೈದ್ಯರ ಮಾತಿಗೆ ಕಟ್ಟುಬಿದ್ದು ಸುತ್ತು ಹಾಕುತ್ತಿದ್ದರು. ಹೊಸದಾಗಿ ಸ್ಕೂಟರು ಕೊಂಡ ಗುಮಾಸ್ತರು ಅಲ್ಲೇ ಬಿದ್ದು ಅಲ್ಲೇ ಏಳುತ್ತಿದ್ದರು. ಏನೂ ಮಾಡದವರು ಅಂಚಿನ ಕಲ್ಲುಬೆಂಚಿನ ಮೇಲೆ ಕೂತು, ಮಾಡುವವರಲ್ಲಿ ತಪ್ಪು ಹುಡುಕುತ್ತಿದ್ದರು. ನಾನು ಈ ಕೊನೆಯ ವರ್ಗಕ್ಕೆ ಸೇರಿದವನು.

ನನ್ನ ಮಗಳು ಮಾತ್ರ ನನ್ನ ವರ್ಗಕ್ಕೆ ಸೇರಿದವಳಲ್ಲ. ಅವಳು ಅದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು, ಉಳಿದ ಹೊತ್ತು ಓಡುತ್ತಿದ್ದಳು. ಬೆಳಗ್ಗೆ ನಾನು ಎದ್ದು ಹಲ್ಲುಜ್ಜಲು ಮನಸ್ಸು ಮಾಡುವುದರೊಳಗೆ ಅವಳು ಬಯಲಿನ ಸುತ್ತ ಓಡಿ, ಬೂಟಿಗೆ ಮಣ್ಣು ಮೆತ್ತಿಸಿಕೊಂಡು, ಹಸಿದುಕೊಂಡು ಮನೆಗೆ ಬಂದಿರುತ್ತಿದ್ದಳು. ಆ ವರ್ಷ ಅಂತರ ವಿಶ್ವವಿದ್ಯಾಲಯ ಓಟದ ತಂಡಕ್ಕೆ ಆಯ್ಕೆ ನಡೆಯಲಿತ್ತು. ಓದು ಮುಗಿಯುವ ವರ್ಷವಾದ್ದರಿಂದ ಅವಳಿಗೆ ಅದೇ ಮೊದಲ ಅವಕಾಶ, ಅದೇ ಕೊನೆಯದು. ನಮ್ಮ ಡ್ರಿಲ್ ಮೇಷ್ಟ್ರು, ಅಂದರೆ ದೈಹಿಕ ಶಿಕ್ಷಣದ ನಿರ್ದೇಶಕರು, ಕತ್ತಿಗೆ ನೇತುಹಾಕಿಕೊಂಡ ಸೀಟಿ ಮುಟ್ಟಿ ಹೇಳಿದ್ದರು: "ಈ ಹುಡುಗಿ ಆಯ್ಕೆ ಆಗ್ಲಿಲ್ಲ ಅಂದ್ರೆ ನಾನು ಈ ಸೀಟಿ ಊದೋದು ಬಿಡ್ತೀನಿ."

ಇಂತಿರಲಾಗಿ ಮೇಲಿನವರಿಂದ ಒಂದು ಸುತ್ತೋಲೆ ಬಂತು. ಆವರಣದಲ್ಲಿ ಮನರಂಜನೆ, ಕ್ರೀಡಾ ಸೌಲಭ್ಯ ಮತ್ತು ತೆರೆದ ಜಾಗಗಳ ಕುರಿತು ಸಮಗ್ರ ಯೋಜನೆ ಸಲ್ಲಿಸುವ ವಿಶ್ವವಿದ್ಯಾಲಯಗಳಿಗೆ ಅನುದಾನ ನೀಡಲಾಗುವುದೆಂದು ಅದರಲ್ಲಿತ್ತು. ಇರುವ ಬಯಲನ್ನು ಇದೆ ಎಂದು ಬರೆದು ಕಳಿಸಿದರೆ ದುಡ್ಡು ಬರುತ್ತದೆ ಎಂದು ತಿಳಿದಾಗ ಆಡಳಿತ ಭವನದಲ್ಲಿ ಹಬ್ಬದ ವಾತಾವರಣವಿತ್ತು. ಕೂಡಲೇ ಒಂದು ಸಮಿತಿಯನ್ನು ರಚಿಸಲಾಯಿತು. ಕುಲಸಚಿವರು ಅಧ್ಯಕ್ಷರು, ಡ್ರಿಲ್ ಮೇಷ್ಟ್ರು ಸದಸ್ಯರು, ಭಾಷಾ ವಿಭಾಗದ ನಾನು ಸದಸ್ಯ ಕಾರ್ಯದರ್ಶಿ.

ನನ್ನನ್ನೇ ಏಕೆ ಆರಿಸಿದರು ಎಂಬುದಕ್ಕೆ ಸಕಾರಣವಿದೆ. ನಾನು ಬರೆದ ಕನ್ನಡ ಒಂದು ಸಲ ಓದಿದರೆ ಯಾರಿಗೂ ಅರ್ಥವಾಗುವುದಿಲ್ಲ. ಎರಡನೆಯ ಸಲ ಓದುವಷ್ಟು ಪುರುಸೊತ್ತು ಮೇಲಿನವರಿಗೆ ಇರುವುದಿಲ್ಲ. ಹಾಗಾಗಿ ನಾನು ಬರೆದ ಕಾಗದಗಳೆಲ್ಲ ಮಂಜೂರಾಗಿ ಬರುತ್ತವೆ. ಬೆನ್ನ ಹಿಂದೆ ನನ್ನನ್ನು ನಿಘಂಟು ಎಂದು ಕರೆಯುತ್ತಾರೆಂದು ನನಗೆ ಗೊತ್ತು. ಅದನ್ನು ನಾನು ಹೊಗಳಿಕೆಯೆಂದೇ ಸ್ವೀಕರಿಸಿದ್ದೇನೆ. ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಾಳೆ. ಅವಳು ಆಡಿದ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಅವಳಿಗೆ ಈವರೆಗೂ ಬಡ್ತಿ ಸಿಕ್ಕಿಲ್ಲ.

ಸಮಿತಿಯ ಮೊದಲ ಸಭೆ ಕುಲಸಚಿವರ ಕೊಠಡಿಯಲ್ಲಿ ಸೇರಿತು. ಹೊರಗೆ ಆಡುತ್ತಿದ್ದ ಹುಡುಗರ ಗದ್ದಲದಿಂದ ಕ್ರೀಡೆಯ ಬಗ್ಗೆ ಚಿಂತನೆ ಮಾಡಲು ಅಡ್ಡಿಯಾಗುತ್ತಿದ್ದುದರಿಂದ ಕಿಟಕಿಗಳನ್ನು ಮುಚ್ಚಿಸಲಾಯಿತು. ತೆರೆದ ಜಾಗದ ಬಗ್ಗೆ ಚರ್ಚೆ ಆರಂಭವಾಯಿತು.

"ಸಾರ್, ಮೊದ್ಲು ನೆಲ ಸಮ ಮಾಡ್ಸಿ," ಎಂದರು ಡ್ರಿಲ್ ಮೇಷ್ಟ್ರು. "ಸುತ್ತ ಓಡೋಕೆ ಒಂದು ಒಳ್ಳೆ ದಾರಿ ಹಾಕ್ಸಿ. ಕುಡಿಯೋಕೆ ಒಂದು ನಲ್ಲಿ, ಹುಡುಗೀರಿಗೆ ಬಟ್ಟೆ ಬದ್ಲಾಯ್ಸೋಕೆ ಒಂದು ಕೋಣೆ. ಅಷ್ಟಾದ್ರೆ ಸಾಕು."

"ಇದು ಬೇಡಿಕೆ ಆಯ್ತು," ಎಂದರು ಕುಲಸಚಿವರು. "ಯೋಜನೆ ಎಲ್ಲಿ? ಯೋಜನೆ ಅಂದ್ಮೇಲೆ ಅದಕ್ಕೊಂದು ಹೆಸರು ಬೇಕು."

"ಆಟದ ಬಯಲು ಅಂತಿಡಿ ಸಾರ್."

ಸದಸ್ಯ ಕಾರ್ಯದರ್ಶಿಯಾಗಿ ನಾನು ಇದಕ್ಕೆ ಆಕ್ಷೇಪ ಎತ್ತಿದೆ. ಬಯಲು ಎಂಬುದು ಗ್ರಾಮ್ಯ ಶಬ್ದ. ಅಷ್ಟೇ ಅಲ್ಲದೆ "ಬಯಲಿಗೆ ಹೋಗುವುದು" ಎಂದರೆ ಜನಸಾಮಾನ್ಯರಲ್ಲಿ ಯಾವ ಅರ್ಥವಿದೆ ಎಂಬುದನ್ನು ಸಭೆಯ ಗಮನಕ್ಕೆ ತಂದೆ. ಸಭೆಯು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಿಂದಿರುಗಿಸಿತು.

"ಅದೂ ಅಲ್ದೆ," ಎಂದರು ಕುಲಸಚಿವರು, "ದುಡ್ಡು ಕೇಳೋ ಕಾಗದದಲ್ಲಿ ಆಟ ಅಂತಲೂ ಬಯಲು ಅಂತಲೂ ಜೊತೆಜೊತೆಗೆ ಬರೆಯೋದು ಒಳ್ಳೇದಲ್ಲ ಮೇಷ್ಟ್ರೇ. ನಮ್ಮ ಆಟ ನಾವೇ ಬಯಲು ಮಾಡ್ದಂಗೆ ಆಗುತ್ತೆ."

ಹೊಸ ಪದದ ಹೊಣೆ ನನ್ನ ಮೇಲೆ ಬಿತ್ತು. ಅದಕ್ಕಾಗಿ ನಾನು ಊಟ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಊಟ ಮಾಡುತ್ತಲೇ ಯೋಚಿಸಿದೆ. ತೆರೆದ ಎಂಬ ಮಾತಿಗೆ "ಮುಕ್ತ" ಎಂಬುದು ಘನತೆಯ ಶಬ್ದ. ಕ್ರೀಡೆಗೆ ಮುಕ್ತವಾದ ಪ್ರದೇಶ. ಸಮಾಸ ಮಾಡಿದರೆ ಕ್ರೀಡಾಮುಕ್ತ ಪ್ರದೇಶ. ಶುದ್ಧ ಚತುರ್ಥೀ ತತ್ಪುರುಷ! ಬಾಯಲ್ಲಿದ್ದ ತುತ್ತನ್ನು ನುಂಗದೆಯೇ ನಾನು ಇದನ್ನು ಗಟ್ಟಿಯಾಗಿ ಉಚ್ಚರಿಸಿದೆ.

"ಏನಂದ್ರಿ?" ಎಂದಳು ಹೆಂಡತಿ.

"ಕ್ರೀಡಾಮುಕ್ತ ಪ್ರದೇಶ."

"ಆಟ ಇಲ್ದಿರೋ ಜಾಗ ಅಂತಲಾ?"

ಒಂದನೇ ತರಗತಿಯ ಮಕ್ಕಳ ನಡುವೆ ಇದ್ದೂ ಇದ್ದೂ ಅವಳ ಭಾಷಾಜ್ಞಾನ ಸೊರಗಿದೆಯೆಂದು ನನಗೆ ಮರುಕವಾಯಿತು. ವಿಭಕ್ತಿಗಳ ಸೂಕ್ಷ್ಮವನ್ನು ವಿವರಿಸತೊಡಗಿದೆ. ಅವಳು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಗಳು, "ಅಪ್ಪಾ, ನೀನು ಏನಾದ್ರೂ ಹೆಸರಿಡು, ನಂಗೆ ಓಡೋಕೆ ದಾರಿ ಬಂದ್ರೆ ಸಾಕು," ಎಂದು ಕೈ ತೊಳೆಯಲು ಎದ್ದಳು. ಬರುತ್ತದೆ ಮಗಳೇ ಎಂದು ನಾನು ಮಾತು ಕೊಟ್ಟೆ.

ಯೋಜನೆ ಹೋಯಿತು, ಅನುದಾನ ಬಂತು. ಅನುದಾನದ ಜೊತೆಗೆ ಒಂದು ಪ್ರಶಂಸಾಪತ್ರವೂ ಬಂತು. ದೇಶದ ವಿಶ್ವವಿದ್ಯಾಲಯಗಳೆಲ್ಲ ಆಟದ ಸೌಲಭ್ಯ ಬೇಕು, ಮೈದಾನ ಬೇಕು ಎಂದು ಅರ್ಜಿ ಹಾಕಿರುವಾಗ, ತನ್ನ ಆವರಣವನ್ನು ಕ್ರೀಡೆಯಿಂದ ಮುಕ್ತಗೊಳಿಸಿ ಶಾಂತಿಯುತ ತೆರೆದ ಜಾಗವನ್ನು ಕಾಪಾಡಲು ಮುಂದೆ ಬಂದ ಮೊತ್ತಮೊದಲ ಸಂಸ್ಥೆ ನಮ್ಮದೆಂದು ಮೇಲಿನವರು ಬೆನ್ನು ತಟ್ಟಿದ್ದರು. ಅವರು ನನ್ನ ಸಮಾಸವನ್ನು ಪಂಚಮೀ ತತ್ಪುರುಷವೆಂದು ಬಿಡಿಸಿಕೊಂಡಿದ್ದರು. ಈ ಪತ್ರವನ್ನು ಕುಲಸಚಿವರು ಓದಿದರು, ಕುಲಪತಿಗಳು ಓದಿದರು. ನನಗೆ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅದು ಸರಳವಾದ ಭಾಷೆಯಲ್ಲಿತ್ತು.

ಒಂದು ಬೆಳಗ್ಗೆ ಮಗಳು ಹೋದ ದಾರಿಯಲ್ಲೇ ಹಿಂದಿರುಗಿ ಬಂದಳು. ಬೂಟು ಕೈಯಲ್ಲಿತ್ತು, ಬೂಟಿಗೆ ಮಣ್ಣಿರಲಿಲ್ಲ.

"ಅಪ್ಪಾ, ಅಲ್ಲಿ ಓಡಬಾರ್ದಂತೆ."

"ಯಾರು ಹೇಳಿದ್ದು?"

"ನೀನೇ ಹೇಳಿದ್ದೀಯಂತೆ. ಬೋರ್ಡು ಹಾಕಿದ್ದಾರೆ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬಯಲಿನ ಸುತ್ತ ತಂತಿಬೇಲಿ ಎದ್ದಿತ್ತು, ಬಾಗಿಲಲ್ಲಿ ಒಬ್ಬ ಕಾವಲುಗಾರ ಕುರ್ಚಿ ಹಾಕಿ ಕೂತಿದ್ದ. ಅವನ ತಲೆಯ ಮೇಲೆ ನನ್ನ ಪದ ಆಳುದ್ದದ ಅಕ್ಷರಗಳಲ್ಲಿ ನಿಂತಿತ್ತು. ಅದನ್ನು ಕಂಡಾಗ ನನಗೆ ಮೊದಲು ಆದದ್ದು ಸಂತೋಷವೇ ಎಂದು ಪ್ರಾಮಾಣಿಕವಾಗಿ ದಾಖಲಿಸಬೇಕು. ಒತ್ತಕ್ಷರಗಳೆಲ್ಲ ಎಷ್ಟು ಲಕ್ಷಣವಾಗಿ ಬಂದಿದ್ದವು! ಆಮೇಲೆ ಕೆಳಗಿನ ಚಿತ್ರ ನೋಡಿದೆ. ನಮ್ಮ ಆವರಣದ "ಧೂಮಪಾನಮುಕ್ತ ಪ್ರದೇಶ" ಎಂಬ ಬೋರ್ಡಿನಲ್ಲಿ ಸಿಗರೇಟಿನ ಮೇಲೆ ಕೆಂಪು ಗೀಟು ಎಳೆದಿದ್ದ ಅದೇ ಪೇಂಟರು ಇಲ್ಲಿ ಒಂದು ಚೆಂಡನ್ನೂ ಒಬ್ಬ ಓಡುವ ಹುಡುಗಿಯನ್ನೂ ಬರೆದು, ಎರಡರ ಮೇಲೂ ಗೀಟು ಎಳೆದಿದ್ದ. ಚಿತ್ರದ ಕೆಳಗೆ ಪ್ರಕಟಣೆಯಿತ್ತು:

"ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಪ್ರದೇಶವು ಕ್ರೀಡಾಮುಕ್ತವಾಗಿರುವುದರಿಂದ ಇಲ್ಲಿ ಓಡುವುದು, ಜಿಗಿಯುವುದು, ಎಸೆಯುವುದು, ಎಸೆದುದನ್ನು ಹಿಡಿಯುವುದು ಹಾಗೂ ಇವುಗಳನ್ನು ನೋಡಿ ಸಂತೋಷಪಡುವುದನ್ನು ನಿಷೇಧಿಸಲಾಗಿದೆ. ಆರೋಗ್ಯದ ನಿಮಿತ್ತ ನಡೆಯಬಯಸುವವರು ವೈದ್ಯರ ಚೀಟಿಯೊಂದಿಗೆ, ತಾವು ಯಾವುದೇ ಉಲ್ಲಾಸವಿಲ್ಲದೆ ನಡೆಯುವುದಾಗಿ ಮುಚ್ಚಳಿಕೆ ಬರೆದುಕೊಡತಕ್ಕದ್ದು."

ಒಳಗೆ ನಮ್ಮ ಇತಿಹಾಸದ ಪ್ರಾಧ್ಯಾಪಕರು ಮುಖ ಗಂಟಿಕ್ಕಿಕೊಂಡು ಸುತ್ತು ಹಾಕುತ್ತಿದ್ದರು. ಅವರು ಮೊದಲೂ ಹಾಗೆಯೇ ನಡೆಯುತ್ತಿದ್ದುದರಿಂದ ನಿಯಮ ಪಾಲನೆ ಕಷ್ಟವಾಗಿರಲಿಲ್ಲ.

ನಾನು ನೇರವಾಗಿ ಕುಲಸಚಿವರ ಕೊಠಡಿಗೆ ನುಗ್ಗಿದೆ. ಅಂದರೆ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದು, ಕರೆದ ಮೇಲೆ ನುಗ್ಗಿದೆ.

"ಸಾರ್, ತಪ್ಪಾಗಿದೆ. ಅದು ಕ್ರೀಡೆಯಿಂದ ಮುಕ್ತ ಅಲ್ಲ, ಕ್ರೀಡೆಗೆ ಮುಕ್ತ. ಒಂದು ವಿಭಕ್ತಿ ಹೆಚ್ಚುಕಡಿಮೆ ಆಗಿದೆ."

ಕುಲಸಚಿವರು ನನ್ನನ್ನು ಕೂರಿಸಿದರು. ಅವರು ಸಿಟ್ಟಾಗಲಿಲ್ಲ. ಮನೆಯ ಹಿರಿಯಣ್ಣ ತಮ್ಮನಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: "ನೋಡಿ ಮೇಷ್ಟ್ರೇ, ನೀವು ಹೇಳೋ ಹಾಗಾದ್ರೆ ನೆಲ ಸಮ ಮಾಡ್ಬೇಕು, ದಾರಿ ಹಾಕ್ಬೇಕು, ನಲ್ಲಿ ಹಾಕ್ಬೇಕು. ಆಮೇಲೆ ಆ ನಲ್ಲೀಲಿ ನೀರೂ ಬರಬೇಕು. ಒಂದಾ ಎರಡಾ? ಈಗ ಏನು ಕಷ್ಟ? ಏನೂ ಮಾಡಂಗಿಲ್ಲ, ಮಾಡೋರನ್ನ ತಡೆದ್ರೆ ಆಯ್ತು. ಬೇಲಿ ಹಾಕಿದ್ದೀವಿ, ಕಾವಲು ಇಟ್ಟಿದ್ದೀವಿ. ಉಳಿದ ದುಡ್ಡಲ್ಲಿ ಅಧ್ಯಯನ ಪ್ರವಾಸ."

"ಏನನ್ನ ಅಧ್ಯಯನ ಮಾಡೋಕೆ ಸಾರ್?"

"ಬೇರೆ ಕಡೆ ಎಷ್ಟು ಆಟ ಇದೆ ಅಂತ. ನಮ್ಮಲ್ಲಿ ಎಷ್ಟಿಲ್ಲ ಅನ್ನೋದು ಆಗ್ಲೇ ಗೊತ್ತಾಗೋದು."

"ಆದ್ರೂ ಸಾರ್, ಪದ ತಪ್ಪು..."

"ಪದ ಯಾರದ್ದು?"

"ನನ್ನದೇ."

"ತಪ್ಪು ಅಂತ ಬರೆದುಕೊಟ್ರೆ ಭಾಷಾ ವಿಭಾಗಕ್ಕೆ ಅವಮಾನ ಅಲ್ವಾ? ನಿಮ್ಮಂಥವರೇ ತಪ್ಪು ಮಾಡ್ತಾರೆ ಅಂದ್ರೆ ಹುಡುಗರು ಯಾರನ್ನ ನಂಬಬೇಕು?" ಅವರು ಮೇಜಿನ ಮೇಲಿನ ಒಂದು ಆದೇಶವನ್ನು ನನ್ನ ಕಡೆ ಸರಿಸಿದರು. "ಕುಲಪತಿಗಳು ಕ್ರೀಡಾಮುಕ್ತಿ ಅಧ್ಯಯನ ಪೀಠ ಅಂತ ಸ್ಥಾಪಿಸ್ತಿದ್ದಾರೆ. ನಿರ್ದೇಶಕರು ನೀವೇ. ಬೇರೆ ಕೊಠಡಿ, ಕಿಟಕಿಗೆ ಪರದೆ, ಮೇಜಿನ ಮೇಲೆ ಕರೆಗಂಟೆ."

ಕ್ರೀಡಾಮುಕ್ತಿ! ಮುಕ್ತಿ ಎಂಬ ಶಬ್ದದಲ್ಲಿ ಎಂಥ ಆಧ್ಯಾತ್ಮಿಕ ಆಳವಿದೆ ಎಂದು ನನಗೆ ಹೊಳೆದದ್ದು ಆಗಲೇ. ಅದೂ ಅಲ್ಲದೆ ಇಷ್ಟು ವರ್ಷಗಳಲ್ಲಿ ನಾನು ಒತ್ತಿದ ಗಂಟೆಗಳೆಲ್ಲ ಬೇರೆಯವರ ಮನೆ ಬಾಗಿಲಿನವು. ಒಳಗೆ ಕೂತು ನಾನು ಒತ್ತಿದರೆ ಇನ್ನೊಬ್ಬರು ಓಡಿಬರುವ ಗಂಟೆ ನನಗೆ ಎಂದೂ ದಕ್ಕಿರಲಿಲ್ಲ. ನಾನು ಆದೇಶವನ್ನು ಎರಡೂ ಕೈಗಳಿಂದ ತೆಗೆದುಕೊಂಡೆ. ಸಂಜೆ ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ, "ಬೆಕ್ಕಿಗೆ ಹಾಲು ಕಾಯೋ ಕೆಲಸ ಸಿಕ್ತು ಅನ್ನಿ," ಎಂದಳು. ಮಗಳು ಅಭಿನಂದನೆ ಹೇಳಿದಳು. ಆಮೇಲೆ, "ಹಾಗಿದ್ರೆ ನಾನು ಎಲ್ಲಿ ಓಡ್ಲಿ?" ಎಂದು ಕೇಳಿದಳು.

ಕ್ರೀಡಾಮುಕ್ತ ಆವರಣದಲ್ಲಿ ಡ್ರಿಲ್ ಮೇಷ್ಟ್ರನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಾಗ, ಅವರನ್ನು ಅಕ್ರೀಡಾ ನಿರ್ದೇಶಕರೆಂದು ಮರುನಾಮಕರಣ ಮಾಡಲಾಯಿತು. ಆಟ ಯಾವುದು ಎಂದು ಬಲ್ಲವರೇ ಆಟವನ್ನು ಹಿಡಿಯಬಲ್ಲರು ಎಂಬುದು ಕುಲಪತಿಗಳ ತರ್ಕ. ಮೇಷ್ಟ್ರು ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡಿದ್ದರು. ಆಮೇಲೆ ಅದೇ ಸೀಟಿ, ಅದೇ ಸಂಬಳ ಎಂದು ಖಚಿತವಾದ ಬಳಿಕ ನಿಷ್ಠೆಯಿಂದ ಕೆಲಸಕ್ಕೆ ಇಳಿದರು. ಮೊದಲು ಓಡಿಸಲು ಊದುತ್ತಿದ್ದ ಸೀಟಿಯನ್ನು ಈಗ ನಿಲ್ಲಿಸಲು ಊದತೊಡಗಿದರು. ಮೊದಲನೆಯ ವಾರವೇ ಅವರ ಕೈಗೆ ಸಿಕ್ಕಿಬಿದ್ದವಳು ನನ್ನ ಮಗಳು. ಗ್ರಂಥಾಲಯದ ಹಿಂದಿನ ಓಣಿಯಲ್ಲಿ ಅವಳು ಓಡುತ್ತಿದ್ದಳಂತೆ. ಓಡುತ್ತಿದ್ದುದು ನಿಜವೋ ಅಲ್ಲವೋ ಎಂದು ವಿಚಾರಣೆ ನಡೆಸುವ ಹೊಣೆ ಪೀಠಕ್ಕೆ, ಅಂದರೆ ನನಗೆ ಬಂತು.

ನನ್ನ ಹೊಸ ಕೊಠಡಿಯಲ್ಲಿ ನಾನು ಮೇಜಿನ ಈಚೆ, ಮಗಳು ಆಚೆ, ಪಕ್ಕದಲ್ಲಿ ಡ್ರಿಲ್ ಮೇಷ್ಟ್ರು.

"ನೀವು ಓಡುತ್ತಿದ್ದಿರಾ?" ಎಂದು ಕೇಳಿದೆ. ವಿಚಾರಣೆಯಲ್ಲಿ ಬಹುವಚನ ಕಡ್ಡಾಯ.

"ಹೌದು."

"ಏಕೆ?"

"ನಂಗೆ ಇಷ್ಟ."

ಡ್ರಿಲ್ ಮೇಷ್ಟ್ರು ತಲೆ ತಗ್ಗಿಸಿ, "ಸಾರ್, ಕೈ ಬೀಸೋದು ಇನ್ನೂ ಸ್ವಲ್ಪ ಸರಿ ಹೋಗ್ಬೇಕು, ಉಳಿದಂತೆ ಓಟ ಬಹಳ ಚೆನ್ನಾಗಿತ್ತು," ಎಂದು ಸಾಕ್ಷಿ ನುಡಿದರು. ಇದರಿಂದ ಅಪರಾಧ ಇನ್ನಷ್ಟು ಗಟ್ಟಿಯಾಯಿತು.

ಮಗಳನ್ನು ಉಳಿಸಬೇಕು, ನಿಯಮವನ್ನೂ ಉಳಿಸಬೇಕು. ನಾನು ಪರದೆ ಎಳೆದು ಯೋಚಿಸಿದೆ. ಇಷ್ಟಪಟ್ಟು ಓಡಿದರೆ ಕ್ರೀಡೆ. ಕಚೇರಿ ಕೆಲಸಕ್ಕೆ ಓಡಿದರೆ? ಅದರಲ್ಲಿ ಇಷ್ಟದ ಪ್ರಶ್ನೆಯೇ ಬರುವುದಿಲ್ಲ. ಕೂಡಲೇ ತಿದ್ದುಪಡಿ ಬರೆದೆ: "ಕೈಯಲ್ಲಿ ಕಚೇರಿಯ ಕಡತವನ್ನು ಹಿಡಿದು ಓಡುವವರನ್ನು ಓಡುತ್ತಿದ್ದಾರೆಂದು ಪರಿಗಣಿಸತಕ್ಕದ್ದಲ್ಲ." ಮರುದಿನ ಬೆಳಗ್ಗೆ ಮಗಳು ಕಂಕುಳಲ್ಲಿ ಒಂದು ಕಡತ ಇಟ್ಟುಕೊಂಡು ಕಾವಲುಗಾರನ ಮುಂದೆಯೇ ಬಯಲಿಗೆ ಇಳಿದಳು. ಡ್ರಿಲ್ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕೂತು, ಕಡತದ ಚಲನವಲನ ಪರಿಶೀಲಿಸುವ ನೆಪದಲ್ಲಿ ಅವಳ ಕೈ ಬೀಸನ್ನು ತಿದ್ದಿದರು. ಆ ದಿನ ಅವಳು ಮನೆಗೆ ಬಂದಾಗ ಬೂಟಿಗೆ ಮಣ್ಣಿತ್ತು. ನನಗೆ ಎಷ್ಟು ಹಗುರವಾಯಿತೆಂದರೆ, ಆ ಮಣ್ಣು ಹಾಸಿನ ಮೇಲೆ ಬಿದ್ದುದಕ್ಕೆ ಹೆಂಡತಿ ಬೈದಾಗ ನಾನೇ ಗುಡಿಸಿದೆ.

ಆದರೆ ವಿದ್ಯೆ ಗುಟ್ಟಾಗಿ ಉಳಿಯುವುದಿಲ್ಲ. ವಾರ ಕಳೆಯುವುದರೊಳಗೆ ಓಡುವ ಹುಡುಗ ಹುಡುಗಿಯರೆಲ್ಲ ಆಡಳಿತ ಭವನದ ಮುಂದೆ ಸಾಲು ನಿಂತು ಕಡತ ಬೇಡತೊಡಗಿದರು. ಗುಮಾಸ್ತರು ಪೀಡೆ ತೊಲಗಲಿ ಎಂದು ಕೊಟ್ಟರು. ಹುಡುಗರು ಬಯಲಿನ ಈ ತುದಿಯ ಲೆಕ್ಕಪತ್ರ ಶಾಖೆಯಿಂದ ಆ ತುದಿಯ ಪರೀಕ್ಷಾ ಶಾಖೆಗೆ ಕಡತಗಳನ್ನು ಮುಟ್ಟಿಸಿ ಬರತೊಡಗಿದರು. ಇದರ ಪರಿಣಾಮ ಯಾರೂ ಊಹಿಸದಂಥದ್ದು. ಕಡತಗಳು ಚಲಿಸಿದವು. ನಿವೃತ್ತರಾಗಿ ಪಿಂಚಣಿಗೆ ಕಾದು ಕಾದು ಸುಸ್ತಾಗಿದ್ದ ಒಬ್ಬರು ಗ್ರಂಥಪಾಲಕರಿಗೆ ಒಂದೇ ಬೆಳಗ್ಗೆ ಪಿಂಚಣಿ ಮಂಜೂರಾಗಿ, ಅವರು ಆಘಾತದಿಂದ ಆಸ್ಪತ್ರೆ ಸೇರಿದರು. ನೌಕರರ ಸಂಘ ಎದ್ದು ನಿಂತಿತು. ಹೀಗೆ ಕಡತಗಳು ಹೇಳದೆ ಕೇಳದೆ ಓಡಿಬಂದರೆ ಅವನ್ನು ತಡೆದಿಡುವ ಸಿಬ್ಬಂದಿಯ ಗತಿಯೇನು ಎಂದು ಕೇಳಿತು. ನ್ಯಾಯವಾದ ಪ್ರಶ್ನೆ. ಕುಲಸಚಿವರು ಅದೇ ಸಂಜೆ ಆದೇಶ ಹೊರಡಿಸಿದರು: "ಯಾವುದೇ ಕಡತವು ತನ್ನ ವಾಡಿಕೆಯ ವೇಗವನ್ನು ಮೀರತಕ್ಕದ್ದಲ್ಲ. ಕಡತ ಹಿಡಿದವರು ಪ್ರತಿ ಹತ್ತು ಹೆಜ್ಜೆಗೊಮ್ಮೆ ನಿಂತು, ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡತಕ್ಕದ್ದು."

ಮಗಳು ಹೀಗೂ ಓಡಲು ಯತ್ನಿಸಿದಳು. ಹತ್ತು ಹೆಜ್ಜೆ ಓಡಿ, ನಿಂತು, ಹಿಂದಿರುಗಿ ನೋಡಿ, ಮತ್ತೆ ಓಡುವುದು. ಎರಡನೆಯ ದಿನ ಕಾಲು ಉಳುಕಿಸಿಕೊಂಡು ಬಂದಳು. ಹೆಂಡತಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾವು ಕೊಡುತ್ತ, "ನೀವು ಆ ಬೋರ್ಡು ಸರಿ ಮಾಡಿಸ್ತೀರೋ ಇಲ್ವೋ?" ಎಂದು ಕೇಳಿದಳು. ಮಾಡಿಸೋಣ, ಸಮಯ ಸಂದರ್ಭ ನೋಡಿ ವಿಷಯ ಎತ್ತೋಣ ಎಂದೆ. "ಎತ್ತಿ ಎತ್ತಿ," ಎಂದಳು. ಅವಳಿಗೆ ವ್ಯಂಗ್ಯ ಬರುತ್ತದೆಂದು ನನಗೆ ಅದುವರೆಗೂ ತಿಳಿದಿರಲಿಲ್ಲ. ಅಂದಿನಿಂದ ಮಗಳು ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ, ಲಾರಿಗಳ ಹೊಗೆಯಲ್ಲಿ ಓಡತೊಡಗಿದಳು. ಅವಳು ಮನೆಗೆ ಬರುವವರೆಗೂ ನಾವಿಬ್ಬರೂ ಬಾಗಿಲಲ್ಲೇ ನಿಂತಿರುತ್ತಿದ್ದೆವು.

ಆಯ್ಕೆಯ ದಿನ ಹತ್ತಿರವಾದಾಗ ಹೊಸ ತೊಡಕು ಬಂತು. ಆಯ್ಕೆಗೆ ಬರುವವರು ತಾವು ಓಟಗಾರರೆಂದು ತಮ್ಮ ವಿಶ್ವವಿದ್ಯಾಲಯದಿಂದ ಒಂದು ಪ್ರಮಾಣಪತ್ರ ತರಬೇಕಿತ್ತು. ಅದಕ್ಕೆ ಸಹಿ ಮಾಡುವ ಅಧಿಕಾರ ಈಗ ನನ್ನ ಪೀಠದ್ದು. ಈಕೆ ನಮ್ಮ ಓಟಗಾರ್ತಿ ಎಂದು ಬರೆದರೆ ನಮ್ಮಲ್ಲಿ ಓಟ ಉಂಟೆಂದು ಒಪ್ಪಿದಂತೆ. ಓಟ ಉಂಟಾದರೆ ಅನುದಾನ ವಾಪಸ್ಸು, ಪೀಠ ರದ್ದು, ಗಂಟೆ ಬೇರೆಯವರ ಮೇಜಿಗೆ. ಬರೆಯದಿದ್ದರೆ ಮಗಳ ಓಟ ಇಲ್ಲಿಗೆ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಹೊತ್ತಿನಲ್ಲಿ ಭಾಷೆ ಕೈಬಿಡುವುದಿಲ್ಲವೆಂದು ನನಗೆ ನಂಬಿಕೆ. ಬಹಳ ತಿಣುಕಾಡಿ ಒಂದು ವಾಕ್ಯ ಬರೆದೆ: "ಪ್ರಸ್ತುತ ಪತ್ರವನ್ನು ಹಾಜರುಪಡಿಸುವ ಈಕೆಯು ನಮ್ಮ ವಿಶ್ವವಿದ್ಯಾಲಯದ ಕ್ರೀಡಾಮುಕ್ತ ವಿದ್ಯಾರ್ಥಿನಿ ಎಂದು ಈ ಮೂಲಕ ದೃಢೀಕರಿಸಲಾಗಿದೆ." ಮೇಲಿನವರು ಓದಿದರೆ ಪಂಚಮಿ, ಆಯ್ಕೆಗಾರರು ಓದಿದರೆ ಚತುರ್ಥಿ. ಅಡ್ಡಗೋಡೆಯ ಮೇಲೆ ಇಷ್ಟು ನಾಜೂಕಾಗಿ ದೀಪ ಇಟ್ಟವರು ನಮ್ಮ ಭಾಷೆಯಲ್ಲಿ ಇನ್ನೊಬ್ಬರಿಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಮಗಳು ಪತ್ರವನ್ನು ಎರಡು ಸಲ ಓದಿದಳು. "ಅಪ್ಪಾ, ಓಟಗಾರ್ತಿ ಅಂತ ಬರೆಯೋಕಾಗಲ್ವಾ?"

"ಅದೇ ಅರ್ಥ ಬರುತ್ತೆ ಮಗಳೇ."

"ಅವರಿಗೆ ಬರುತ್ತಾ?"

"ನಾನೇ ಜೊತೆಗೆ ಬರ್ತೀನಿ. ಬೇಕಾದ್ರೆ ವಿವರಿಸ್ತೀನಿ."

ಆಯ್ಕೆ ನಡೆದ ಮೈದಾನ ಬೇರೆ ಊರಿನದು. ನೆಲ ಸಮವಾಗಿತ್ತು, ಸುತ್ತ ಕೆಂಪು ದಾರಿ ಇತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಮಗಳು ಆ ದಾರಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಅದನ್ನು ಸವರಿ ನೋಡಿದ್ದನ್ನು ನಾನು ಕಂಡೆ. ಬಾಗಿಲ ಬಳಿ ಮೇಜು ಹಾಕಿ ಕೂತಿದ್ದ ನಡುವಯಸ್ಸಿನ ಅಧಿಕಾರಿ ಪತ್ರ ಓದಿದರು. ಓದಿ ಕನ್ನಡಕ ತೆಗೆದರು.

"ಏನಮ್ಮಾ ಇದು? ನಿಂಗೂ ಆಟಕ್ಕೂ ನಂಟಿಲ್ಲ ಅಂತ ನಿಮ್ಮೋರೇ ಬರೆದುಕೊಟ್ಟಿದ್ದಾರಲ್ಲ?"

ನಾನು ಮುಂದೆ ಬಂದು ಪರಿಚಯ ಹೇಳಿಕೊಂಡೆ. ಸಮಾಸವನ್ನು ಬಿಡಿಸಿ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಸಾರ್, ಧೂಮಪಾನಮುಕ್ತ ಅಂದ್ರೆ ಏನು?"

"ಧೂಮಪಾನ ಇಲ್ಲದ್ದು."

"ಮತ್ತೆ ಇದು?"

ನಾನು ಬೇರೊಂದು ಉದಾಹರಣೆ ಹುಡುಕತೊಡಗಿದೆ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಹುಡುಗಿಯರ ಓಟಕ್ಕೆ ಕರೆ ಬಂತು. ಅಧಿಕಾರಿ ಒಳ್ಳೆಯವರು. ತಮ್ಮ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಹೋಗ್ಲಿ ಬಿಡಿ ಸಾರ್, ಕೆಳಗೆ ಒಂದು ಸಾಲು ಬರೀರಿ. ಈಕೆ ನಮ್ಮ ಓಟಗಾರ್ತಿ ಅಂತ. ಸಹಿ ಹಾಕಿ. ಕಳಿಸ್ತೀನಿ."

ಮೂರೇ ಪದ. ನನ್ನ ಹೆಂಡತಿಯ ತರಗತಿಯ ಮಗುವೂ ತಪ್ಪಿಲ್ಲದೆ ಬರೆಯಬಲ್ಲ ವಾಕ್ಯ. ನಾನು ಪೆನ್ನು ಕಾಗದಕ್ಕೆ ಊರಿದೆ. ಆಗ ನನ್ನ ಕಣ್ಣಿಗೆ ಕಂಡದ್ದು ಪರದೆ, ಕುರ್ಚಿ, ಗಂಟೆ. ಆಮೇಲೆ ಕುಲಸಚಿವರ ಮುಖ. ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಬೂಟಿನ ದಾರ ಕಟ್ಟಿ ಆಗಿತ್ತು.

"ಇದಕ್ಕೆ ಕುಲಸಚಿವರ ಪೂರ್ವಾನುಮತಿ ಬೇಕಾಗುತ್ತೆ," ಎಂದೆ. "ಒಂದು ಫೋನು ಮಾಡಿ ಬರ್ತೀನಿ."

ಕುಲಸಚಿವರು ಅಧ್ಯಯನ ಪ್ರವಾಸದಲ್ಲಿದ್ದರು, ಫೋನು ತೆಗೆಯಲಿಲ್ಲ. ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ಮಾಡುವಾಗ ಮೈದಾನದಲ್ಲಿ ಪಿಸ್ತೂಲಿನ ಸದ್ದು ಕೇಳಿಸಿತು. ನಾನು ತಿರುಗಿ ಬಂದಾಗ ಮಗಳು ಬೇಲಿಗೆ ಒರಗಿಕೊಂಡು ಬೇರೆ ಹುಡುಗಿಯರು ಓಡುವುದನ್ನು ನೋಡುತ್ತಿದ್ದಳು. ಅವಳು ಅಳಲಿಲ್ಲ. ನನಗೇ ಅಳು ಬಂತು, ನಾಚಿಕೆಯೂ ಆಯಿತು. ಕ್ಷಮಿಸು ಎಂದು ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು "ವಿಷಾದಿಸುತ್ತೇನೆ" ಎಂಬ ಮಾತು.

"ಬಸ್ಸಿಗೆ ಹೊತ್ತಾಯ್ತು ಬಾ ಅಪ್ಪಾ," ಎಂದಳು. ನಿಲ್ದಾಣ ತಲುಪುವ ಹೊತ್ತಿಗೆ ಬಸ್ಸು ಆಗಲೇ ಹೊರಟಿತ್ತು. ನಾನು ಓಡಿದೆ, ಏದುಸಿರು ಬಿಡುತ್ತ ಓಡಿದೆ. ಅವಳು ಓಡಲಿಲ್ಲ. ಬಸ್ಸು ತಪ್ಪಿತು.

ಇದಾದ ಬಳಿಕ ಎಲ್ಲವೂ ಸುಗಮವಾಗಿ ನಡೆಯಿತು. ಬೇರೆ ಬೇರೆ ವಿಶ್ವವಿದ್ಯಾಲಯಗಳವರು ನಮ್ಮ ಬಯಲನ್ನು ನೋಡಲು ತಂಡತಂಡವಾಗಿ ಬಂದರು. ಏನೂ ನಡೆಯದಿರುವುದನ್ನು ಬೇಲಿಯ ಹೊರಗೆ ನಿಂತು ನೋಡಿ, ಟಿಪ್ಪಣಿ ಮಾಡಿಕೊಂಡು ಹೋದರು. ಒಳಗೆ ಮೊಣಕಾಲೆತ್ತರ ಹುಲ್ಲು ಬೆಳೆಯಿತು. ಅದನ್ನು ಜೀವವೈವಿಧ್ಯ ಎಂದು ಕರೆಯಲಾಯಿತು. ಡ್ರಿಲ್ ಮೇಷ್ಟ್ರಿಗೆ ಮೈ ಬಂದು ಹೊಸ ಪ್ಯಾಂಟು ಹೊಲಿಸಿದರು. ಹುಡುಗರು ಮೊದಮೊದಲು ಗೊಣಗಿದರು, ಆಮೇಲೆ ಕಲ್ಲುಬೆಂಚುಗಳನ್ನು ಹಿಡಿದು ಕೂತರು. ಕೂರುವವರು ಹೆಚ್ಚಿದ್ದರಿಂದ ಪೀಠದ ಶಿಫಾರಸಿನ ಮೇರೆಗೆ ಇನ್ನಷ್ಟು ಬೆಂಚು ಹಾಕಿಸಲಾಯಿತು. ಯೋಜನೆಯಲ್ಲಿ ಮನರಂಜನೆ ಎಂಬ ಬಾಬತ್ತು ಖರ್ಚಾದದ್ದು ಹೀಗೆ.

ವರ್ಷದ ಕೊನೆಗೆ ಕ್ರೀಡಾಮುಕ್ತಿ ದಿನಾಚರಣೆ ಏರ್ಪಾಡಾಯಿತು. ಅತ್ಯುತ್ತಮ ಕ್ರೀಡಾಮುಕ್ತ ವಿದ್ಯಾರ್ಥಿ ಪದಕವನ್ನು ಯಾರಿಗೆ ಕೊಡುವುದೆಂಬ ಬಗ್ಗೆ ಚರ್ಚೆಗೆ ಎಡೆಯೇ ಇರಲಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ಹಾಗೆಂದು ಸಹಿ ಸಮೇತ ದೃಢೀಕೃತಳಾದವಳು ಒಬ್ಬಳೇ. ನಾನು ಸ್ವಜನಪಕ್ಷಪಾತದ ಮಾತು ಬರಬಹುದೆಂದು ಸಂಕೋಚಪಟ್ಟೆ. ಕುಲಪತಿಗಳು, ಅರ್ಹತೆ ಇದ್ದಲ್ಲಿ ಅಪ್ಪ ಮಗಳೆಂದು ನೋಡಬಾರದು ಎಂದರು. ಮಗಳನ್ನು ಕೇಳಿದೆ, ಬರುತ್ತೀಯಾ ಎಂದು.

"ಬರ್ತೀನಿ," ಎಂದಳು. "ಓಡ್ದೇ ಇರೋದಕ್ಕೆ ಪದಕ ಅಂದ್ರೆ, ಇನ್ನು ಜೀವನ ಪೂರ್ತಿ ನಂಗೇ ಅಲ್ವಾ?"

ಹೆಂಡತಿ ಮಾತ್ರ ಸಭೆಗೆ ಬರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಟದ ಪೀರಿಯಡ್ಡು ಇದೆ ಎಂದಳು.

ಸಭಾಂಗಣ ತುಂಬಿತ್ತು. ಡ್ರಿಲ್ ಮೇಷ್ಟ್ರು ಮಗಳ ಹೆಸರು ಕೂಗಿದರು. ಅವಳು ಕೊನೆಯ ಸಾಲಿನಿಂದ ಎದ್ದಳು. ಪದಕ ಹಿಡಿದು ನಾನು ವೇದಿಕೆಯ ಮೇಲೆ ನಿಂತಿದ್ದೆ. ಅವಳು ಹತ್ತು ಹೆಜ್ಜೆ ನಡೆದಳು, ನಿಂತಳು, ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿದಳು, ಮತ್ತೆ ಹತ್ತು ಹೆಜ್ಜೆ ನಡೆದಳು. ಸಭೆಯಲ್ಲಿ ಯಾರೂ ನಗಲಿಲ್ಲ. ನಿಯಮ ಪಾಲನೆಯನ್ನು ಗುರುತಿಸಿ ಮೊದಲ ಸಾಲಿನವರು ಚಪ್ಪಾಳೆ ಶುರು ಮಾಡಿದರು, ಅದು ಹಿಂದಿನವರೆಗೂ ಹಬ್ಬಿತು. ಮಗಳು ಮೆಟ್ಟಿಲು ಹತ್ತಿ ನನ್ನ ಮುಂದೆ ಬಂದು ಕತ್ತು ಬಗ್ಗಿಸಿದಳು. ನಾನು ಪದಕ ಹಾಕಿದೆ. ಅವಳು ನನ್ನ ಮುಖ ನೋಡದೆ, ಅಷ್ಟೇ ನಿಧಾನವಾಗಿ ಇಳಿದು ಹೋದಳು.

ಪಕ್ಕದಲ್ಲಿದ್ದ ಕುಲಸಚಿವರು ನನ್ನ ಕಿವಿಯ ಬಳಿ ಬಗ್ಗಿದರು. "ಎಷ್ಟು ನಿಧಾನ ನೋಡಿ ಮೇಷ್ಟ್ರೇ! ಇದನ್ನೆಲ್ಲ ಪೀಠದಲ್ಲಿ ಹೇಳಿಕೊಟ್ರೆ ಬರಲ್ಲ. ಹುಡುಗಿ ಎಲ್ಲಿ ಕಲಿತಳು?"

"ಮನೆಯಲ್ಲೇ ಸಾರ್," ಎಂದೆ.